ಯಾರೂ ಪ್ರಶ್ನೆ ಕೇಳಲಿಲ್ಲ: ಹುಬ್ಬಳ್ಳಿಯ ವಾಲ್ವ್ ಕಾರ್ಖಾನೆಯೊಂದರ ತರಬೇತಿ ಪ್ರಕರಣ

ಹುಬ್ಬಳ್ಳಿ ಅಂದರೆ ಹೊರಗಿನವರಿಗೆ ರೈಲ್ವೆ ನೆನಪಾಗುತ್ತದೆ, ಹತ್ತಿ ನೆನಪಾಗುತ್ತದೆ. ವಾಲ್ವ್ ನೆನಪಾಗುವುದು ಕಡಿಮೆ. ಎಣ್ಣೆ, ಗ್ಯಾಸ್, ಉಗಿ, ನೀರು ಹರಿಯುವ ದೊಡ್ಡ ಪೈಪ್‌ಲೈನ್‌ಗಳಲ್ಲಿ ಕೂರುವ ಗೇಟ್ ವಾಲ್ವ್, ಗ್ಲೋಬ್ ವಾಲ್ವ್, ಬಾಲ್ ವಾಲ್ವ್‌ಗಳನ್ನು ಈ ಊರು ದಶಕಗಳಿಂದ ಮಾಡುತ್ತಿದೆ. ಹೊರದೇಶಕ್ಕೂ ಕಳಿಸುತ್ತಿದೆ. ಈ ಪ್ರಕರಣ ಅಂಥದೊಂದು ಕಾರ್ಖಾನೆಯದು. ಕಾರ್ಖಾನೆಯ ಹೆಸರನ್ನೂ ಜನರ ಹೆಸರನ್ನೂ ಇಲ್ಲಿ ಬರೆದಿಲ್ಲ. ಅಲ್ಲಿ ತರಬೇತಿಯ ಮೊದಲ ಸುತ್ತು ಮುಗಿದ ಮೇಲೆ, ಎರಡನೇ ಸುತ್ತನ್ನು ಹೇಗೆ ಮಾಡಬೇಕು ಎಂದು ನೋಡಲು ನನ್ನನ್ನು ಕರೆದಿದ್ದರು.

ಏನಾಗಿತ್ತು

ವಾಲ್ವ್‌ನ ಕೆಳಗಿನ ದೊಡ್ಡ ಭಾಗ ಬಾಡಿ, ಮೇಲಿನ ಮುಚ್ಚಳ ಬಾನೆಟ್. ಎರಡರ ನಡುವೆ ಸೋರದಂತೆ ತಡೆಯುವ ಉಂಗುರ, ಅಂದರೆ ಗ್ಯಾಸ್ಕೆಟ್ ಇಟ್ಟು, ಸುತ್ತಲೂ ಸ್ಟಡ್ ಎಂಬ ತಲೆಯಿಲ್ಲದ ಬೋಲ್ಟ್‌ಗಳನ್ನು ಹಾಕಿ ನಟ್ ಬಿಗಿಯುತ್ತಾರೆ. ಆಮೇಲೆ ಹೈಡ್ರೋ ಟೆಸ್ಟ್. ಎಪಿಐ 598 ಎಂಬ ಮಾನದಂಡದ ಪ್ರಕಾರ, ವಾಲ್ವ್ ತಡೆಯಬೇಕಾದ ಒತ್ತಡದ ಒಂದೂವರೆ ಪಟ್ಟು ನೀರಿನ ಒತ್ತಡ ಕೊಟ್ಟು ನೋಡಬೇಕು. ಬಾಡಿಯಿಂದಾಗಲಿ, ಈ ಜೋಡಣೆಯಿಂದಾಗಲಿ ಒಂದು ಹನಿಯೂ ಹೊರಗೆ ಬರಬಾರದು.

ಇಲ್ಲಿ ಬರುತ್ತಿತ್ತು. ಎಲ್ಲ ವಾಲ್ವ್‌ಗಳಲ್ಲೂ ಅಲ್ಲ, ಆದರೆ ಜರ್ಮನಿಯ ಗ್ರಾಹಕರು ಗಮನಿಸುವಷ್ಟು. ಲೀಕ್ ಆದರೆ ಪೂರ್ತಿ ಬಿಚ್ಚಬೇಕು. ಒಮ್ಮೆ ಒತ್ತಿಹೋದ ಸ್ಪೈರಲ್ ಗ್ಯಾಸ್ಕೆಟ್ ಮತ್ತೆ ಬಳಸಲು ಬರುವುದಿಲ್ಲ, ಹೊಸದು ಹಾಕಬೇಕು. ಮತ್ತೆ ಬಿಗಿ ಮಾಡಬೇಕು, ಮತ್ತೆ ಟೆಸ್ಟಿಗೆ ಸಾಲಿನಲ್ಲಿ ನಿಲ್ಲಿಸಬೇಕು. ಕಳಿಸುವ ದಿನಾಂಕ ತಪ್ಪುತ್ತಿತ್ತು.

ಗ್ರಾಹಕ ಕಂಪನಿ ತನ್ನ ಒಬ್ಬ ತರಬೇತುದಾರನನ್ನು ಹುಬ್ಬಳ್ಳಿಗೆ ಕಳಿಸಿತು. ಅವರ ತೀರ್ಮಾನ ಸರಳವಾಗಿತ್ತು. ಇಲ್ಲಿ ನಟ್‌ಗಳನ್ನು ಪಾನಾ ಹಿಡಿದು ಅಂದಾಜಿನ ಮೇಲೆ ಬಿಗಿ ಮಾಡುತ್ತಾರೆ, ಅದಕ್ಕೇ ಲೀಕ್. ಟಾರ್ಕ್ ರೆಂಚ್ ಬಳಸಬೇಕು. ಗೊತ್ತುಮಾಡಿದ ಬಲ ಬಂದಾಗ ಅದು ಟಕ್ ಅನ್ನುತ್ತದೆ. ಎದುರುಬದುರು ನಟ್‌ಗಳನ್ನು ಜೋಡಿಯಾಗಿ ಬಿಗಿಯುತ್ತಾ ಹೋಗಬೇಕು. ಮೊದಲ ಸುತ್ತಿನಲ್ಲಿ ಗುರಿಯ ಶೇಕಡಾ 30ರಷ್ಟು, ಎರಡನೆಯದರಲ್ಲಿ 60-70ರಷ್ಟು, ಮೂರನೆಯದರಲ್ಲಿ ಪೂರ್ತಿ. ಕೊನೆಗೆ ವೃತ್ತಾಕಾರವಾಗಿ ಒಂದು ಸುತ್ತು. ಈ ಪದ್ಧತಿಯಲ್ಲಿ ತಪ್ಪೇನಿಲ್ಲ. ಒಂದೇ ಕಡೆಯಿಂದ ಬಿಗಿಯುತ್ತಾ ಹೋದರೆ ಗ್ಯಾಸ್ಕೆಟ್ ಒಂದು ಬದಿ ಜಾಸ್ತಿ ಒತ್ತಿ, ಇನ್ನೊಂದು ಬದಿ ಸಡಿಲವಾಗಿ ಉಳಿಯುತ್ತದೆ.

ಎರಡು ದಿನದ ತರಬೇತಿ

ಮೇಲಂತಸ್ತಿನ ಏಸಿ ಕೋಣೆ. ಇಂಗ್ಲಿಷ್ ಸ್ಲೈಡುಗಳು. ಕನ್ನಡಕ್ಕೆ ಹೇಳಲು ಕಾರ್ಖಾನೆಯದೇ ಒಬ್ಬ ಕಿರಿಯ ಎಂಜಿನಿಯರ್, ಹುಬ್ಬಳ್ಳಿಯಲ್ಲೇ ಓದಿದ ಹುಡುಗ. ಕೇಳಲು ಕೂತವರು ಇಪ್ಪತ್ತು ಮಂದಿಯ ಆಸುಪಾಸು. ಕುಂದಗೋಳ, ಕಲಘಟಗಿ, ನವಲಗುಂದದ ಕಡೆಯಿಂದ ಬರುವ ಐಟಿಐ ಹುಡುಗರು, ತಲೆ ನರೆತ ಫಿಟ್ಟರ್‌ಗಳು, ವಾಲ್ವ್ ತೆರೆದು ಮುಚ್ಚುವ ಕಂಬಿಯ ಸುತ್ತ ಸೋರದಂತೆ ಪ್ಯಾಕಿಂಗ್ ತುಂಬುವ ಗ್ಲ್ಯಾಂಡ್ ಪ್ಯಾಕಿಂಗ್ ವಿಭಾಗದ ಹೆಣ್ಣುಮಕ್ಕಳು, ಸೂಪರ್‌ವೈಸರ್‌ಗಳು. ಮುಂದಿನ ಸಾಲಿನಲ್ಲಿ ಪ್ಲಾಂಟ್ ಮ್ಯಾನೇಜರ್.

ತರಬೇತುದಾರ ಪ್ರತಿ ಭಾಗದ ಕೊನೆಗೂ ಪ್ರಶ್ನೆ ಇದೆಯಾ ಎಂದು ಕೇಳುತ್ತಿದ್ದರು. ಯಾರೂ ಕೈ ಎತ್ತಲಿಲ್ಲ. ಗೊತ್ತಾಯಿತಾ ಎಂದರೆ ಎಲ್ಲರೂ ತಲೆಯಾಡಿಸಿದರು. ಆಮೇಲೆ ಕೈಯಿಂದ ಮಾಡಿ ತೋರಿಸುವ ಹೊತ್ತು. ಎಲ್ಲರಿಗಿಂತ ಹಿರಿಯ ಫಿಟ್ಟರ್‌ ಅನ್ನು ಮೊದಲು ಕರೆದರು. ಇಡೀ ಶಾಪ್ ಅವರನ್ನು ಕಾಕಾ ಅನ್ನುತ್ತದೆ, ಇಲ್ಲೂ ಹಾಗೇ ಅನ್ನೋಣ. ಕಾಕಾ ತಮ್ಮ ಅಭ್ಯಾಸದಂತೆ ಮೊದಲು ನಟ್‌ ಅನ್ನು ಕೈಯಲ್ಲಿ ತಿರುಗಿಸಿ ನೋಡಿದರು, ಹೊರತೆಗೆದರು, ಮತ್ತೆ ಹಾಕಿದರು. ತರಬೇತುದಾರ ತಡೆದು, ಇದು ತಪ್ಪು, ಇದಕ್ಕೇ ಲೀಕ್ ಆಗುವುದು ಎಂದು ನೇರವಾಗಿ ಹೇಳಿದರು. ಎಂಜಿನಿಯರ್ ಹುಡುಗ ಅದನ್ನು ಕನ್ನಡದಲ್ಲಿ ಹೀಗೆ ದಾಟಿಸಿದ: "ಕಾಕಾ, ಸಾಹೇಬ್ರು ಇನ್ನೊಂದ್ ಸಲ ಮಾಡಿ ತೋರಸ್ರಿ ಅನ್ನಾಕತ್ತಾರ."

ಕಾಕಾ ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಹುಡುಗ ಇಂಗ್ಲಿಷಿನಲ್ಲಿ, ಸರಿ ಮಾಡುತ್ತಾರಂತೆ ಎಂದ. ತರಬೇತಿ ಮುಂದುವರಿಯಿತು.

ಕೊನೆಗೆ ಅಭಿಪ್ರಾಯದ ಹಾಳೆ ಹಂಚಿದರು. ಹೆಸರು ಬರೆಯುವ ಜಾಗವೂ ಇತ್ತು, ಅತಿಥಿಯೂ ಎದುರಿಗೇ ನಿಂತಿದ್ದರು. ಎಲ್ಲರೂ ಅತ್ಯುತ್ತಮ ಎಂದೇ ಗುರುತು ಹಾಕಿದರು. ದೂರದಿಂದ ಬಂದ ಮನುಷ್ಯ ಎರಡು ದಿನ ನಿಂತು ಹೇಳಿಕೊಟ್ಟಿದ್ದಾನೆ, ಅವನ ಮುಖದ ಮುಂದೆ ಕಡಿಮೆ ಅಂಕ ಬರೆಯುವ ಮಂದಿ ನಮ್ಮಲ್ಲಿ ಎಷ್ಟಿದ್ದಾರೆ? ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯನ್ನು ನಾಲ್ಕು ಹಂತದಲ್ಲಿ ಅಳೆಯಬೇಕು ಎಂದಿದ್ದರು. ಕೂತವರಿಗೆ ಹೇಗನ್ನಿಸಿತು, ಏನು ಕಲಿತರು, ಕೆಲಸದಲ್ಲಿ ಏನು ಬದಲಾಯಿತು, ಸಂಸ್ಥೆಗೆ ಫಲ ಏನು ಸಿಕ್ಕಿತು. ನಮ್ಮ ಹೆಚ್ಚಿನ ಕಂಪನಿಗಳು ಮೊದಲನೆಯದರಲ್ಲೇ ನಿಲ್ಲುತ್ತವೆ. ಮರ್ಯಾದೆಯೇ ಅಂಕವಾಗಿ ಬರುವ ನಮ್ಮ ಊರುಗಳಲ್ಲಿ ಆ ಮೊದಲ ಹಂತಕ್ಕೆ ಬೆಲೆ ಇನ್ನೂ ಕಡಿಮೆ.

ಟಾರ್ಕ್ ರೆಂಚ್ ಬಂತು. ಲೀಕ್ ನಿಲ್ಲಲಿಲ್ಲ. ಕೆಲವು ವಾರಗಳ ನಂತರ ನೋಡಿದರೆ ಹಿರಿಯರು ರೆಂಚ್ ಪಕ್ಕಕ್ಕಿಟ್ಟು ಮತ್ತೆ ಪಾನಾ ಹಿಡಿದಿದ್ದರು. ಹುಡುಗರು ರೆಂಚ್ ಹಿಡಿದಿದ್ದರು, ಟಕ್ ಅಂದ ಕೂಡಲೇ ಬಿಡುತ್ತಿದ್ದರು. ಇಬ್ಬರ ವಾಲ್ವ್‌ಗಳೂ ಲೀಕ್ ಆಗುತ್ತಿದ್ದವು.

ಟೀ ಹೊತ್ತಿನಲ್ಲಿ ಹೊರಬಂದ ಮಾತು

ನಾನು ಮೊದಲು ಮಾಡಿದ್ದು ಸುಮ್ನೆ ಅಸೆಂಬ್ಲಿ ವಿಭಾಗದಲ್ಲಿ ನಿಲ್ಲುವುದು, ಪಾಳಿ ಮುಗಿದ ಮೇಲೆ ಗೇಟಿನ ಹೊರಗಿನ ಚಹಾದಂಗಡಿಯಲ್ಲಿ ಕೂರುವುದು. ಅಲ್ಲಿ ಇದೇ ಮಂದಿ ಎಷ್ಟು ಮಾತಾಡುತ್ತಾರೆ ಗೊತ್ತಾ! ಬೋನಸ್ಸಿನ ಲೆಕ್ಕ, ಮೆಷಿನ್ ಶಾಪಿನಿಂದ ಬರುವ ಭಾಗಗಳಲ್ಲಿ ಉಳಿದ ಬರ್ ಎಂಬ ಲೋಹದ ಚೂಪು ಅಂಚು, ಯಾವ ಡ್ರಾಯಿಂಗ್ ತಪ್ಪು, ಎಲ್ಲದರ ಬಗ್ಗೆ ಜೋರು ವಾದ. ಹುಡುಗರು ಹಿರಿಯರಿಗೂ ತಿರುಗಿ ಹೇಳುತ್ತಾರೆ.

ಅಂದು ತಗ್ಗಿದ ದನಿಯಲ್ಲಿ ಏನು ಹೇಳಿದ್ದಿರಿ ಎಂದು ಕಾಕಾಗೆ ಕೇಳಿದೆ. "ಸ್ಟಡ್ ಒಣಾ ಅದಾವ, ಕೆಲವಕ್ಕ ಬಣ್ಣಾನೂ ಹತ್ತಿರತೈತಿ. ಕೈಲೆ ತಿರಗಿಸಿದ್ರ ಗೊತ್ತಾಗತೈತ್ರೀ, ಯಾವುದು ಹಿಡಿತೈತಿ, ಯಾವುದು ಜಾರತೈತಿ ಅಂತ. ಆ ಟಕ್ ಅನ್ನೋ ಪಾನಾಕ್ಕ ಅದೇನ್ ಗೊತ್ತ? ಅದನ್ನ ಕೇಳು ಸಾಹೇಬ್ರಿಗೆ ಅಂದಿದ್ದೆ. ಹುಡುಗ ಕೇಳಲಿಲ್ಲ. ಬಿಡ್ರಿ, ಅವನ ತಪ್ಪಲ್ಲ."

ಈ ಒಂದು ಮಾತು ಇಡೀ ಪ್ರಕರಣದ ತಿರುಳು. ನಟ್ ತಿರುಗಿಸಲು ನಾವು ಹಾಕುವ ಬಲದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತದೆ, ನಟ್‌ನ ಅಡಿಯಲ್ಲಿ ಮತ್ತು ಥ್ರೆಡ್‌ಗಳಲ್ಲಿ, ಅಂದರೆ ತಿರುಪಿನ ಗೆರೆಗಳಲ್ಲಿ. ಸ್ಟಡ್‌ ಅನ್ನು ಎಳೆದು ಗ್ಯಾಸ್ಕೆಟ್ ಒತ್ತುವುದು ಉಳಿದ ಒಂದು ಪಾಲು ಮಾತ್ರ. ಥ್ರೆಡ್ ಒಣಗಿದ್ದರೆ, ಅದರಲ್ಲಿ ಬಣ್ಣವೋ ಬರ್ ಚೂರೋ ಇದ್ದರೆ, ಘರ್ಷಣೆ ಇನ್ನಷ್ಟು ತಿನ್ನುತ್ತದೆ. ರೆಂಚ್ ಸರಿಯಾದ ಹೊತ್ತಿಗೇ ಟಕ್ ಅನ್ನುತ್ತದೆ, ಒಳಗೆ ಗ್ಯಾಸ್ಕೆಟ್ ಮಾತ್ರ ಸಡಿಲವಾಗಿಯೇ ಇರುತ್ತದೆ. ಜರ್ಮನಿಯವರ ಪದ್ಧತಿ ಥ್ರೆಡ್‌ಗೆ ಗ್ರೀಸ್ ಹಚ್ಚಿರುತ್ತದೆ ಎಂದು ನಂಬಿಕೊಂಡು ಮಾಡಿದ್ದು. ಆ ವಿಷಯ ಒಂದು ಸ್ಲೈಡಿನ ಕೊನೆಯ ಸಾಲಿನಲ್ಲಿತ್ತು. ಅವರ ಕಾರ್ಖಾನೆಯಲ್ಲಿ ಅದು ಹೇಳಬೇಕಾದ ಸಂಗತಿಯೇ ಅಲ್ಲ, ಹಾಗಾಗಿ ಅವರು ಅದರ ಮೇಲೆ ನಿಲ್ಲಲಿಲ್ಲ. ಇಲ್ಲಿ ಸ್ಟೋರಿನಿಂದ ಸ್ಟಡ್ ಬರುವುದು ಹೇಗೋ ಹಾಗೆ. ಕಾಕಾ ಪಾನಾ ಹಿಡಿದು ಕೈಯ ಅಂದಾಜಿನಲ್ಲಿ ಇದನ್ನು ಒಂದಿಷ್ಟು ಸರಿದೂಗಿಸುತ್ತಿದ್ದರು. ಆದರೆ ಎದುರುಬದುರು ಬಿಗಿಯುವ ಕ್ರಮ ಅವರಲ್ಲಿರಲಿಲ್ಲ. ಹುಡುಗರಿಗೆ ಕ್ರಮ ಗೊತ್ತಿತ್ತು, ಕೈಯ ಅಂದಾಜು ಇರಲಿಲ್ಲ. ಅರ್ಧ ವಿದ್ಯೆ ಒಬ್ಬರಲ್ಲಿ, ಇನ್ನರ್ಧ ಇನ್ನೊಬ್ಬರಲ್ಲಿ. ಎರಡೂ ಸೇರಬೇಕಾಗಿದ್ದ ಕೋಣೆಯಲ್ಲಿ ಎರಡು ದಿನ ಯಾರೂ ಬಾಯಿ ಬಿಡಲಿಲ್ಲ.

ಯಾಕೆ ಬಿಡಲಿಲ್ಲ? ಎಂಜಿನಿಯರ್ ಹುಡುಗನನ್ನು ಕೇಳಿದಾಗ ಅವನು ಮುಚ್ಚಿಡದೆ ಹೇಳಿದ. ಸ್ಟಡ್ ಸರಿ ಇಲ್ಲ ಎಂದು ಅತಿಥಿಯ ಮುಂದೆ ಹೇಳಿದರೆ ಅದು ಸ್ಟೋರಿನ ಮೇಲೆ, ಖರೀದಿಯ ಮೇಲೆ ದೂರು ಹೇಳಿದಂತೆ. ಮ್ಯಾನೇಜರ್ ಮುಂದೆಯೇ ಕೂತಿದ್ದಾರೆ. ಮನೆಯ ಮಾತನ್ನು ಬಂದವರ ಮುಂದೆ ಹೇಗೆ ಆಡುವುದು? ಇನ್ನು ಕಾಕಾ ಮಾಡಿದ್ದು ತಪ್ಪು ಎಂದು ಅವರ ಮುಖಕ್ಕೆ ಹೇಳುವುದಂತೂ ಅವನಿಂದ ಆಗದ ಮಾತು. ಟ್ರೇನಿಯಾಗಿ ಬಂದಾಗ ವಾಲ್ವ್ ಬಿಚ್ಚಿ ತೋರಿಸಿದವರೇ ಅವರು. ಹೀಗೆ ಎರಡೂ ಕಡೆಯ ಬಿಸಿ ಮಾತುಗಳನ್ನು ಅವನು ನಡುವೆ ನಿಂತು ತಣ್ಣಗೆ ಮಾಡಿದ್ದ. ಅವನು ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ. ಒಬ್ಬ ಕಿರಿಯನನ್ನು ಅಂಥ ಜಾಗದಲ್ಲಿ ನಿಲ್ಲಿಸಿದ್ದೇ ಸರಿ ಇರಲಿಲ್ಲ.

ಹೆಣ್ಣುಮಕ್ಕಳ ಕಥೆ ಬೇರೆ. ಅವರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಎರಡು ದಿನದಲ್ಲಿ ರೆಂಚ್ ಅವರ ಕೈಗೆ ಬರಲೇ ಇಲ್ಲ. "ಗಂಡಸ್ರ ಮಾಡಿ ಮುಗಿಸೋದ್ರಾಗ ಊಟದ ಹೊತ್ತಾತ್ರಿ, ನಾವು ಎದ್ದು ನಮಗೂ ಕೊಡ್ರಿ ಅಂತ ಹೆಂಗ್ ಕೇಳೋದು" ಎಂದರು ಒಬ್ಬ ಅಕ್ಕ. ಗ್ಲ್ಯಾಂಡ್ ನಟ್‌ಗಳನ್ನು ದಿನವೂ ಬಿಗಿಯುವವರು ಅವರೇ.

ಜರ್ಮನಿಯವರ ಕಡೆಯಿಂದ

ತರಬೇತುದಾರನನ್ನು ಒರಟ ಎಂದುಬಿಡುವುದು ಸುಲಭ, ಆದರೆ ಅನ್ಯಾಯ. ಅವರು ಬೆಳೆದ ಪದ್ಧತಿಯಲ್ಲಿ ಕಸುಬು ಕಲಿಯುವ ಹುಡುಗ ವಾರದ ಕೆಲವು ದಿನ ಕಾರ್ಖಾನೆಯಲ್ಲಿ, ಕೆಲವು ದಿನ ಶಾಲೆಯಲ್ಲಿ ಕಲಿಯುತ್ತಾನೆ. ಹೆಚ್ಚಿನ ಕಸುಬುಗಳಿಗೆ ಎರಡರಿಂದ ಮೂರೂವರೆ ವರ್ಷ. ಅಲ್ಲಿ ಪ್ರಶ್ನೆ ಕೇಳುವುದು ಕೆಲಸದ ಮೇಲೆ ಆಸಕ್ತಿ ಇದೆ ಎನ್ನುವುದರ ಗುರುತು. ತಪ್ಪು ಎಂದು ಹೇಳುವುದು ಕೆಲಸದ ಬಗ್ಗೆ, ಮನುಷ್ಯನ ಬಗ್ಗೆ ಅಲ್ಲ. ಹುಬ್ಬಳ್ಳಿಯ ಮೌನವನ್ನು ನೋಡಿ ಅವರಿಗೆ ನಿಜಕ್ಕೂ ನೋವಾಗಿತ್ತು. ಇವರಿಗೆ ವಾಲ್ವ್ ಬೇಕಾಗಿಲ್ಲ, ಸಂಬಳ ಸಾಕು ಎಂದು ಅಂದುಕೊಂಡು ಹೋಗಿದ್ದರು. ಒಂದು ಕಡೆ ಮರ್ಯಾದೆ ಕೊಟ್ಟೆವು ಎಂದುಕೊಂಡ ಮಂದಿ, ಇನ್ನೊಂದು ಕಡೆ ಉಪೇಕ್ಷೆ ಮಾಡಿದರು ಎಂದುಕೊಂಡ ಮನುಷ್ಯ.

"ನಮ್ಮ ಜನಾನೇ ಹೀಗೆ" ಎಂಬ ತೀರ್ಮಾನ

ಎಚ್‌ಆರ್ ವಿಭಾಗದವರ ಹತ್ತಿರ ಒಂದು ಸಿದ್ಧ ಉತ್ತರ ಇತ್ತು. ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ 1967ರಿಂದ 1973ರ ನಡುವೆ ಐಬಿಎಂ ನೌಕರರಿಂದ ಹಲವು ದೇಶಗಳಲ್ಲಿ ತುಂಬಿಸಿಕೊಂಡ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳಿಂದ ದೇಶಗಳ ಸಂಸ್ಕೃತಿಗೆ ಅಂಕ ಕೊಟ್ಟಿದ್ದರು. ಮೇಲಿನವರು ಮತ್ತು ಕೆಳಗಿನವರ ನಡುವಿನ ಅಂತರವನ್ನು ಜನ ಎಷ್ಟು ಸಹಜ ಎಂದು ಒಪ್ಪುತ್ತಾರೆ ಎನ್ನುವುದಕ್ಕೆ ಭಾರತಕ್ಕೆ 77, ಜರ್ಮನಿಗೆ 35. ನೋಡಿ ಸರ್, ನಮ್ಮ ಜನಾನೇ ಹೀಗೆ, ಮೇಲಿನವರ ಮುಂದೆ ಮಾತಾಡೋದಿಲ್ಲ ಎಂದರು.

ಈ ಅಂಕಗಳಿಂದ ಉಪಯೋಗವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಹೊರಡುವ ಮೊದಲು ಜರ್ಮನಿಯವರು ಇದನ್ನು ಓದಿದ್ದರೆ ಕಾಕಾನ ಮುಂದೆ ಸ್ವಲ್ಪ ತಡೆದು ಮಾತಾಡುತ್ತಿದ್ದರೇನೋ. ಆದರೆ ಒಂದೇ ಕಂಪನಿಯ ನೌಕರರ ಉತ್ತರಗಳ ಸರಾಸರಿಯನ್ನು ಇಡೀ ದೇಶದ ಮೇಲೆ ಹೊರಿಸುವುದು ಸರಿಯಲ್ಲ ಎಂದು ಬ್ರೆಂಡನ್ ಮ್ಯಾಕ್‌ಸ್ವೀನಿ 2002ರಲ್ಲೇ ಕಟುವಾಗಿ ಬರೆದಿದ್ದರು. ಆ ಕಾಲದ ಐಬಿಎಂ ಕಚೇರಿಗೂ ಗೋಕುಲ ರಸ್ತೆಯ ಅಸೆಂಬ್ಲಿ ಶಾಪಿಗೂ ಏನು ಸಂಬಂಧ?

ನನ್ನ ತಕರಾರು ಇನ್ನೂ ಒಂದಿದೆ. ಪ್ರಶ್ನೆ ಕೇಳುವುದು ನಮ್ಮ ಸಂಸ್ಕೃತಿಯಲ್ಲಿಲ್ಲ ಎನ್ನುವುದು ಈ ನೆಲಕ್ಕೆ ಒಪ್ಪುವ ಮಾತೇ ಅಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯ ಯಾರಿಗೂ ಅಂಜದೆ ಮಾತಾಡಿದ. ಗಂಡ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆಯ್ದಕ್ಕಿ ಲಕ್ಕಮ್ಮ ವಾಪಸು ಸುರಿದು ಬಾ ಎಂದಳು. ಅವರ ಹೆಸರು ಹೇಳುವ ಮನೆಗಳಿಂದಲೇ ಈ ಕಾರ್ಖಾನೆಗೆ ಎಷ್ಟೋ ಜನ ಬರುತ್ತಾರೆ. ಚಹಾದಂಗಡಿಯಲ್ಲಿ ಕೇಳುವ ಮಂದಿ ಮೇಲಂತಸ್ತಿನಲ್ಲಿ ಕೇಳುವುದಿಲ್ಲ ಎಂದರೆ ಮಂದಿಯನ್ನಲ್ಲ, ಮೇಲಂತಸ್ತನ್ನು ನೋಡಬೇಕು. ಯಾರ ಮುಂದೆ, ಎಲ್ಲಿ, ಯಾರಿಗೆ ಮುಜುಗರವಾಗುತ್ತದೆ ಎನ್ನುವುದರ ಮೇಲೆ ನಮ್ಮ ಮಾತು ಏಳುತ್ತದೆ, ಬೀಳುತ್ತದೆ. ಹೀಗೆ ನೋಡಿದರೆ ಅದನ್ನು ಬದಲಾಯಿಸಬಹುದು. "ನಮ್ಮ ಜನಾನೇ ಹೀಗೆ" ಎಂದರೆ ಬದಲಾಯಿಸಲು ಏನೂ ಉಳಿಯುವುದಿಲ್ಲ.

ಎರಡನೇ ಸುತ್ತು

ಜರ್ಮನಿಯ ತರಬೇತುದಾರ ಮತ್ತೆ ಬಂದರು. ಬರುವ ಮೊದಲೇ ಅವರಿಗೆ ಒಣ ಸ್ಟಡ್‌ನ ವಿಷಯ ಬರೆದು ತಿಳಿಸಿದ್ದೆವು. ಅವರು ಅದನ್ನು ತಮ್ಮ ಸೋಲು ಎಂದು ತಿಳಿಯಲಿಲ್ಲ, ಖುಷಿಪಟ್ಟರು. ಯಾಕೆ ಮೊದಲೇ ಹೇಳಲಿಲ್ಲ ಎಂದು ಮಾತ್ರ ಕೇಳಿದರು.

ಮೊದಲ ದಿನ ತರಬೇತಿ ಇರಲಿಲ್ಲ. ಪ್ಲಾಂಟ್ ಮ್ಯಾನೇಜರ್ ತಾವೇ ಕಾಕಾನ ಬೆಂಚಿನ ಹತ್ತಿರ ಹೋಗಿ, ಈ ಕ್ರಮವನ್ನು ಹುಡುಗರಿಗೆ ಹೇಳಿಕೊಡುವ ಮೊದಲು ನೀವು ಒಮ್ಮೆ ಪರೀಕ್ಷೆ ಮಾಡಿ ಹೇಳಬೇಕು ಎಂದು ಕೇಳಿಕೊಂಡರು. ಕಾಕಾ, ತರಬೇತುದಾರ, ಹುಡುಗ, ಮೂವರೇ ಟೆಸ್ಟ್ ಬೆಂಚಿನ ಬಳಿ ನಿಂತರು. ಒಂದು ವಾಲ್ವ್‌ಗೆ ಸ್ಟೋರಿನಿಂದ ಬಂದ ಹಾಗೇ ಸ್ಟಡ್ ಹಾಕಿದರು. ಇನ್ನೊಂದಕ್ಕೆ ಬ್ರಷ್‌ನಿಂದ ಉಜ್ಜಿ ಗ್ರೀಸ್ ಹಚ್ಚಿದ ಸ್ಟಡ್. ರೆಂಚ್ ಎರಡಕ್ಕೂ ಒಂದೇ ಬಲಕ್ಕೆ ಟಕ್ ಅಂದಿತು. ಒತ್ತಡ ಕೊಟ್ಟಾಗ ಮೊದಲನೆಯದು ಬೆವರಿತು, ಎರಡನೆಯದು ಒಣಗಿಯೇ ನಿಂತಿತು. ಕಾಕಾ ಹೇಳಿದ್ದು ಸರಿ ಎಂದು ತರಬೇತುದಾರ ಒಪ್ಪಿದರು. ಎದುರುಬದುರು ಬಿಗಿಯುವ ಕ್ರಮದಿಂದ ಗ್ಯಾಸ್ಕೆಟ್ ಸುತ್ತಲೂ ಸಮ ಕೂತಿದೆ ಎಂದು ಬಿಚ್ಚಿ ನೋಡಿದಾಗ ಕಾಕಾ ಕೂಡ ಒಪ್ಪಿದರು. ಇಷ್ಟಾಗಲು ಬೇಕಾದದ್ದು ನೋಡುವವರಿಲ್ಲದ ಒಂದು ಜಾಗ, ಅಷ್ಟೇ.

ಆಮೇಲೆ ನಾಲ್ಕು ನಾಲ್ಕು ಮಂದಿಯ ಗುಂಪು. ಹಿರಿಯರು ಬೇರೆ, ಹುಡುಗರು ಬೇರೆ. ಇದನ್ನು ಕೆಲವರು ಆಕ್ಷೇಪಿಸಿದರು, ಎಲ್ಲರೂ ಕೂಡಿ ಕಲಿಯಬೇಕಲ್ವಾ ಎಂದರು. ಮುಂದೆ ಕೂಡಬಹುದು. ಮೊದಲ ಸಲ ರೆಂಚ್ ಹಿಡಿದು ತಡವರಿಸುವ ಐವತ್ತೈದರ ಮನುಷ್ಯನನ್ನು ಇಪ್ಪತ್ತರ ಹುಡುಗರ ಮುಂದೆ ನಿಲ್ಲಿಸಬಾರದು. ಹೆಣ್ಣುಮಕ್ಕಳಿಗೆ ಅವರದೇ ಗುಂಪು, ಅವರದೇ ರೆಂಚ್. ಗುಂಪಿನಲ್ಲಿ ಮ್ಯಾನೇಜರ್ ಇರಲಿಲ್ಲ. ಭಾಷೆ ಶಾಪಿನ ಭಾಷೆ, ಉರ್ದು ಮಾತಾಡುವವರ ನಡುವೆ ಉರ್ದು.

ಕಲಿಸುವ ಕ್ರಮವನ್ನೂ ತಿರುಗಿಸಿದೆವು. ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ದರ್ಜಿಗಳ ಬಳಿ ಕಲಿಯುವ ಹುಡುಗರನ್ನು ಜೀನ್ ಲೇವ್ ಎಂಬ ವಿದ್ವಾಂಸೆ ಹತ್ತಿರದಿಂದ ನೋಡಿದ್ದರು. ಅಲ್ಲಿ ಹುಡುಗ ಮೊದಲು ಕಲಿಯುವುದು ಗುಂಡಿ ಹಚ್ಚುವುದು, ಅಂಚು ಹೊಲಿಯುವುದು. ಆಮೇಲೆ ಹೊಲಿಗೆ. ಬಟ್ಟೆ ಕತ್ತರಿಸುವುದು ಕೊನೆಗೆ. ಮುಗಿದ ಅಂಗಿಯಿಂದ ಹಿಂದಕ್ಕೆ ನಡೆಯುತ್ತಾನೆ, ತಪ್ಪಿದರೂ ನಷ್ಟ ಕಡಿಮೆ. ನಮ್ಮಲ್ಲೂ ಹೀಗೇ ಕೊನೆಯಿಂದ ಹೊರಟೆವು. ಮೊದಲು ಟೆಸ್ಟ್ ಬೆಂಚು, ಲೀಕ್ ಕಣ್ಣಾರೆ ನೋಡುವುದು. ಆಮೇಲೆ ಬಿಚ್ಚಿ, ಗ್ಯಾಸ್ಕೆಟ್ ಎಲ್ಲಿ ಒತ್ತಿದೆ, ಎಲ್ಲಿ ಒತ್ತಿಲ್ಲ ಎಂದು ಬೆರಳಿನಿಂದ ಮುಟ್ಟುವುದು. ಆಮೇಲೆ ಸ್ಟಡ್ ಉಜ್ಜುವುದು, ಗ್ರೀಸ್ ಹಚ್ಚುವುದು. ರೆಂಚ್ ಕೈಗೆ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಆ ಹೊತ್ತಿಗೆ ಯಾಕೆ ಎಂಬ ಪ್ರಶ್ನೆಗೆ ಉತ್ತರ ಅವರ ಹತ್ತಿರವೇ ಇತ್ತು.

ಗೊತ್ತಾಯಿತಾ ಎಂದು ಕೇಳುವುದನ್ನು ಪೂರ್ತಿ ಬಿಟ್ಟೆವು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಹೊಸ ಕೆಲಸಗಾರರು ದಂಡಿಯಾಗಿ ಬಂದಾಗ ಹುಟ್ಟಿದ ಒಂದು ಪದ್ಧತಿ ಇದೆ, ಯುದ್ಧದ ನಂತರ ಅದು ಜಪಾನಿಗೂ ಹೋಗಿ ಬೇರೂರಿತು. ಅದರಲ್ಲಿ ಕಲಿಸುವವನು ಮೊದಲು ಮಾಡಿ ತೋರಿಸುತ್ತಾನೆ, ಹೇಳುತ್ತಾನೆ. ಆಮೇಲೆ ಕಲಿಯುವವನು ತಾನೇ ಮಾಡುತ್ತಾ, ಏನು ಮಾಡುತ್ತಿದ್ದೇನೆ, ಯಾಕೆ ಎಂದು ಬಾಯಿಬಿಟ್ಟು ಹೇಳುತ್ತಾನೆ. ಕೊನೆಗೆ, ತೊಂದರೆಯಾದರೆ ಯಾರನ್ನು ಕೇಳಬೇಕು ಎಂದು ತೋರಿಸಿ ಬಿಡಬೇಕು. ನಮ್ಮ ಮಂದಿಗೆ ಇದು ತುಂಬಾ ಹೊಂದುತ್ತದೆ. ಪ್ರಶ್ನೆ ಕೇಳಿ ದಡ್ಡ ಅನ್ನಿಸಿಕೊಳ್ಳಬೇಕಾಗಿಲ್ಲ, ಹೇಳುತ್ತಾ ಹೋದಂತೆ ಎಲ್ಲಿ ತಿಳಿದಿಲ್ಲ ಎನ್ನುವುದು ತಾನಾಗಿ ಹೊರಬರುತ್ತದೆ. ಕೇಳಬೇಕಾದವರು ಯಾರು ಎಂದರೆ ಹುಡುಗರಿಗೆ ಕಾಕಾ, ಹೆಣ್ಣುಮಕ್ಕಳಿಗೆ ಅವರಲ್ಲೇ ಹಿರಿಯ ಅಕ್ಕ.

ಆ ಅಕ್ಕನ ಗುಂಪು ಎಲ್ಲರಿಗಿಂತ ಬೇಗ ಕಲಿಯಿತು. ಗ್ಲ್ಯಾಂಡ್ ನಟ್ ಎರಡನ್ನೂ ಸಮವಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುವ ರೂಢಿ ಅವರ ಕೈಗೆ ಮೊದಲೇ ಇತ್ತು. ಅವರನ್ನು ಮೊದಲ ಸಲ ಹಿಂದಿನ ಸಾಲಿನಲ್ಲಿ ಕೂರಿಸಿದ್ದರಿಂದ ಕಾರ್ಖಾನೆ ಎಷ್ಟು ಕಳೆದುಕೊಂಡಿತು ಎಂದು ಈಗಲೂ ಬೇಸರವಾಗುತ್ತದೆ.

ಫಲ, ಮತ್ತು ಉಳಿದದ್ದು

ಬಾನೆಟ್ ಲೀಕ್ ಕಡಿಮೆಯಾಯಿತು, ಪೂರ್ತಿ ನಿಂತಿಲ್ಲ. ಇದರಲ್ಲಿ ತರಬೇತಿಯ ಪಾಲೆಷ್ಟು, ಸ್ಟೋರಿನಲ್ಲಿ ಸ್ಟಡ್ ಪರೀಕ್ಷೆ ಮಾಡಿ ಗ್ರೀಸ್ ಹಚ್ಚಲು ಶುರುಮಾಡಿದ್ದರ ಪಾಲೆಷ್ಟು ಎಂದು ಬೇರೆ ಮಾಡಿ ಹೇಳಲು ಬರುವುದಿಲ್ಲ. ಆ ಪರೀಕ್ಷೆ ಶುರುವಾದದ್ದೇ ಕಾಕಾನ ಮಾತಿನಿಂದ. ಅಭಿಪ್ರಾಯದ ಹಾಳೆಯಲ್ಲಿ ಈಗ ಹೆಸರಿಲ್ಲ, ಅದನ್ನು ತರಬೇತಿ ಮುಗಿದು ಕೆಲವು ವಾರಗಳ ಮೇಲೆ ಕೊಡುತ್ತಾರೆ. ಅದರಲ್ಲಿ ದೂರುಗಳು ಬರತೊಡಗಿವೆ. ಎಚ್‌ಆರ್‌ನವರಿಗೆ ಮೊದಮೊದಲು ಗಾಬರಿಯಾಯಿತು. ನನಗೆ ಇಡೀ ಕೆಲಸದಲ್ಲಿ ತೃಪ್ತಿ ಕೊಟ್ಟದ್ದು ಆ ದೂರುಗಳೇ.

ಬಗೆಹರಿಯದ ಸಂಗತಿ ಕಾಂಟ್ರಾಕ್ಟ್ ಹುಡುಗರದು. ಆರ್ಡರ್ ಜಾಸ್ತಿಯಾದಾಗ ಅವರೂ ಬಾನೆಟ್ ಬಿಗಿಯುತ್ತಾರೆ. ಮೊದಲ ಸುತ್ತಿಗೂ ಅವರನ್ನು ಕರೆದಿರಲಿಲ್ಲ, ಎರಡನೆಯದಕ್ಕೂ ಕರೆಯಲಿಲ್ಲ. ಕಂಪನಿಯವರು ಏಜೆನ್ಸಿಯ ಹೊಣೆ ಎನ್ನುತ್ತಾರೆ, ಏಜೆನ್ಸಿಯವರು ಕಂಪನಿಯ ಹೊಣೆ ಎನ್ನುತ್ತಾರೆ. ಹುಡುಗರು ಕೆಲವು ತಿಂಗಳಿಗೆ ಬದಲಾಗುತ್ತಲೂ ಇರುತ್ತಾರೆ. ಅವರಿಗೆ ಕಾಕಾನೂ ಹೊಸಬರು, ಕಾಕಾಗೆ ಅವರೂ ಹೊಸಬರು. ಪ್ರಶ್ನೆ ಕೇಳಲು ಎಲ್ಲರಿಗಿಂತ ಹೆಚ್ಚು ಅಂಜುವವರು ಅವರೇ. ಕೇಳಿದರೆ ನಾಳೆ ಗೇಟಿನೊಳಗೆ ಬಿಡುತ್ತಾರೋ ಇಲ್ಲವೋ ಎಂಬ ಭಯ ಅದು, ಅದಕ್ಕೆ ಸಂಸ್ಕೃತಿಯ ಹೆಸರು ಇಡಬಾರದು. ಮುಂದಿನ ದೊಡ್ಡ ಆರ್ಡರ್ ಶುರುವಾಗುವ ಮೊದಲು ಅವರನ್ನೂ ನಾಲ್ಕು ನಾಲ್ಕು ಮಂದಿಯಾಗಿ ಟೆಸ್ಟ್ ಬೆಂಚಿಗೆ ಕರೆಯಬೇಕು, ಆ ಹೊತ್ತಿನ ಕೂಲಿ ಕಂಪನಿಯೇ ಕೊಡಬೇಕು ಎಂದು ಬರೆದುಕೊಟ್ಟಿದ್ದೇನೆ. ತೀರ್ಮಾನ ಇನ್ನೂ ಆಗಿಲ್ಲ.